ನಗಿಸುವವರಿಗೆ ಖಳಪಾತ್ರ: ಅಭಿನಯ ತರಬೇತುದಾರರೊಂದಿಗೆ ಪ್ರಶ್ನೋತ್ತರ

ಹಾಸನದ ಸದಸ್ಯ: ಜಿಮ್ ಕ್ಯಾರಿಯವರ ಮುಖಕ್ಕೆ ಜೋಕರ್‌ನ ಬಣ್ಣ ಹಚ್ಚಿ ನಾನೇ ತಯಾರಿಸಿದ ಪೋಸ್ಟರನ್ನು ಲಗತ್ತಿಸಿದ್ದೇನೆ. ಮುಂದಿನ ಬ್ಯಾಟ್‌ಮನ್ ಚಿತ್ರಕ್ಕೆ ಅವರೇ ಖಳನಾಗಬೇಕೆಂಬುದು ನನ್ನ ಆಸೆ. ಹಾಸ್ಯನಟರಿಗೆ ಇಂಥ ಪಾತ್ರ ಒಗ್ಗುತ್ತದೆಯೇ?

ತರಬೇತುದಾರರು: ಒಗ್ಗುತ್ತದೆ. ಆದರೆ ಕ್ಯಾರಿ 1995ರಲ್ಲೇ ಬ್ಯಾಟ್‌ಮನ್‌ನ ಎದುರು ರಿಡ್ಲರ್ ಆಗಿ, ಪ್ರಶ್ನಾರ್ಥಕ ಚಿಹ್ನೆಗಳ ಹಸಿರು ಉಡುಪು ತೊಟ್ಟು ಕುಣಿದಿದ್ದಾರೆ. ನನಗಂತೂ ನಗು ಬಂತೇ ಹೊರತು ಭಯವಾಗಲಿಲ್ಲ. ನಿಮ್ಮ ಪೋಸ್ಟರಿನಲ್ಲಿಯೂ ಅದೇ ಕಿವಿಯವರೆಗಿನ ನಗು ಇದೆ. ನಾನು ವಿದ್ಯಾರ್ಥಿಗಳಿಗೆ ತೋರಿಸುವುದು ಮೈಕಲ್ ಕೀಟನ್ ಅವರನ್ನು. ಹಾಸ್ಯನಟನಿಗೆ ಬ್ಯಾಟ್‌ಮನ್ ಪಾತ್ರವೇ ಎಂದು ಸಿಟ್ಟಾದ ಅಭಿಮಾನಿಗಳು 1989ರ ಚಿತ್ರಕ್ಕೆ ಮುನ್ನ ವಾರ್ನರ್ ಬ್ರದರ್ಸ್‌ಗೆ ಸುಮಾರು 50,000 ಪತ್ರ ಬರೆದಿದ್ದರು. ಅದೇ ಕೀಟನ್ 2017ರಲ್ಲಿ ಸ್ಪೈಡರ್‌ಮ್ಯಾನ್‌ನ ಎದುರು ವಲ್ಚರ್ ಆದರು. ಮಗಳನ್ನೂ ಅವಳ ಗೆಳೆಯನನ್ನೂ ಕಾರಿನಲ್ಲಿ ಕರೆದೊಯ್ಯುವಾಗ, ಹಿಂದಿನ ಸೀಟಿನ ಹುಡುಗನೇ ತನ್ನ ಶತ್ರುವೆಂದು ಅವರಿಗೆ ಹೊಳೆಯುತ್ತದೆ. ಸಿಗ್ನಲ್‌ನ ಕೆಂಪು ಬೆಳಕು ಮುಖದ ಮೇಲೆ ಹಸಿರಾಗುತ್ತದೆ, ಅವರು ಮಾತ್ರ ಹುಬ್ಬನ್ನೂ ಹಾರಿಸುವುದಿಲ್ಲ. ನಗು ಎಲ್ಲಿ ಬೀಳುತ್ತದೆಂದು ಬಲ್ಲವನಿಗೆ ಆ ಜಾಗದಲ್ಲಿ ಏನನ್ನೂ ಮಾಡದೆ ಪ್ರೇಕ್ಷಕರನ್ನು ಕಾಯಿಸುವುದೂ ಗೊತ್ತಿರುತ್ತದೆ.

ಡಬ್ಲಿನ್‌ನ ಸದಸ್ಯ: ಹಾಸ್ಯನಟ ಸ್ಟೀವ್ ಕರೆಲ್ ಬ್ಯಾಟ್‌ಮನ್‌ನ ಇನ್ನೊಬ್ಬ ಶತ್ರು ಪೆಂಗ್ವಿನ್ ಆದರೆ ಹೇಗಿರುತ್ತದೆ?

ತುಮಕೂರಿನ ಸದಸ್ಯ: ಖಳನೆಂದರೆ ವಜ್ರಮುನಿಯವರಂತೆ ಕಂಠ ಬೇಕು. ಕಚಗುಳಿ ಇಡುವವರಿಂದ ಇದು ಆಗುವ ಕೆಲಸವಲ್ಲ.

ಧಾರವಾಡದ ಸದಸ್ಯೆ: ಬಾಲಕೃಷ್ಣ ಅವರನ್ನು ತಾವು ನೋಡಿಯೇ ಇಲ್ಲವೆಂದು ಕಾಣುತ್ತದೆ. ನಗಿಸಿದ ಬಾಯಿಂದಲೇ ಅವರು ಮನೆ ಮುರಿಯುವ ಮಾತನ್ನೂ ಆಡುತ್ತಿದ್ದರು.

ತುಮಕೂರಿನ ಸದಸ್ಯ: ಅದು ಕುಹಕ, ಖಳತನವಲ್ಲ. ವ್ಯತ್ಯಾಸ ತಿಳಿದು ಮಾತನಾಡಿ.

ಶಿವಮೊಗ್ಗದ ಸದಸ್ಯೆ: ನನ್ನ ತಮ್ಮ ಕಾಲೇಜಿನಲ್ಲಿ ಎಲ್ಲರನ್ನೂ ನಗಿಸುವವನು. ಗೆಳೆಯರ ಕಿರುಚಿತ್ರದಲ್ಲಿ ಜೋಕರ್ ಆಗಲಿದ್ದಾನೆ. ‘ಹೀತ್ ಲೆಡ್ಜರ್ ಕತ್ತಲ ಕೋಣೆಯಲ್ಲಿ ನಿದ್ದೆಬಿಟ್ಟು ಜೋಕರ್ ಆದರು, ನೀವೂ ಹಾಗೆ ಮಾಡಿ’ ಎಂಬ ಫಾರ್ವರ್ಡ್ ನಂಬಿ ಮೂರು ರಾತ್ರಿಯಿಂದ ಮಲಗಿಲ್ಲ. ನಿಲ್ಲಿಸಬೇಕೇ?

ತರಬೇತುದಾರರು: ಈಗಲೇ ನಿಲ್ಲಿಸಿ. ಪೋಸ್ಟರಿನ ವಿಚಾರ ನಾಳೆಯೂ ಮಾತನಾಡಬಹುದು, ಇದು ಕಾಯುವಂಥದ್ದಲ್ಲ. ಲೆಡ್ಜರ್ ಸುಮಾರು ಒಂದು ತಿಂಗಳು ಹೋಟೆಲ್ ಕೋಣೆಯಲ್ಲಿದ್ದು ಧ್ವನಿಯನ್ನು ಹುಡುಕಿದರು, ಡೈರಿ ಬರೆದರು, ಅದು ಅಭ್ಯಾಸ. ನಿದ್ದೆ ಬಾರದಿದ್ದುದು ಅವರ ಸಂಕಟವಾಗಿತ್ತು, ಸಾಧನೆಯಲ್ಲ. 2008ರ ಜನವರಿ 22ರಂದು ಅವರು ತೀರಿಕೊಂಡದ್ದು ವೈದ್ಯರು ಬರೆದುಕೊಡುವಂಥ ಹಲವು ಔಷಧಿಗಳು ದೇಹದಲ್ಲಿ ಒಟ್ಟಾಗಿ ಆದ ಆಕಸ್ಮಿಕದಿಂದ. ಆ ಹೊತ್ತಿಗೆ ಜೋಕರ್‌ನ ಚಿತ್ರೀಕರಣ ಮುಗಿದು ಅವರು ಬೇರೊಂದು ಚಿತ್ರದಲ್ಲಿದ್ದರು. ಪಾತ್ರ ಕೊಂದಿತೆಂದು ಕಥೆ ಕಟ್ಟಿದವರೇ ಈಗ ಅದನ್ನು ಪಾಠವಾಗಿ ಹಂಚುತ್ತಿದ್ದಾರೆ. ನಿದ್ದೆಗೆಟ್ಟವನಿಗೆ ಮೊದಲು ತಪ್ಪುವುದು ತಾಳ, ಹಾಸ್ಯನಟನ ಬಂಡವಾಳವೇ ಅದು. ಇಂದು ಮಲಗಲಿ, ಒಂಟಿಯಾಗಿ ಬಿಡಬೇಡಿ. ಮಲಗಿದರೂ ನಿದ್ದೆ ಬಾರದಿದ್ದರೆ ಅಥವಾ ಮಾತು ಅಸಂಬದ್ಧವಾದರೆ ನಾಳೆಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಆಮೇಲೆ ಕಾಲೇಜಿನಲ್ಲಿ ಎಲ್ಲರನ್ನೂ ನಗಿಸುವ ಅವನದೇ ಜೋಕೊಂದನ್ನು, ಕೊನೆಯ ಪದಕ್ಕೆ ಮುಂಚೆ ನಿಲ್ಲಿಸಿ ನಿಮ್ಮನ್ನೇ ದಿಟ್ಟಿಸುವಂತೆ ಹೇಳಿಸಿ. ಅವನ ಜೋಕರ್ ಅಲ್ಲಿ ಸಿಕ್ಕಾನು.

ಮೈಸೂರಿನ ಸದಸ್ಯ: ಜೋಕರ್ ಪಾತ್ರ ಶಾಪಗ್ರಸ್ತವೇ? ಒಂದು ಫಾರ್ವರ್ಡ್ ಬಂದಿದೆ.

ತರಬೇತುದಾರರು: ಅಲ್ಲ. ಮೇಲೆ ಓದಿ.

ಕೋಲಾರದ ಸದಸ್ಯ: ಸರ್, ಜೋಕರ್ ಶಾಪದ ಬಗ್ಗೆ ತಿಳಿಸಿ.

ತರಬೇತುದಾರರು: 1966ರ ಬ್ಯಾಟ್‌ಮನ್ ಧಾರಾವಾಹಿಯಲ್ಲಿ ಜೋಕರ್ ಆದ ಸೀಸರ್ ರೊಮೆರೊ ಮೀಸೆ ಬೋಳಿಸಲೊಪ್ಪದೆ ಅದರ ಮೇಲೆಯೇ ಬಿಳಿ ಬಣ್ಣ ಬಳಿಸಿಕೊಂಡು, 86 ವರ್ಷ ಬದುಕಿದರು. ಇನ್ನೊಮ್ಮೆ ಕೇಳಬೇಡಿ.

ತುಮಕೂರಿನ ಸದಸ್ಯ: ಮೀಸೆಯ ಕಥೆ ಸಾಕು, ವಜ್ರಮುನಿಯವರ ಬಗ್ಗೆ ಉತ್ತರಿಸಿ.

ಧಾರವಾಡದ ಸದಸ್ಯೆ: ನಿಮಗೆ ಬೇಕಾದದ್ದು ಉತ್ತರವಲ್ಲ, ಚಪ್ಪಾಳೆ.

ಡಬ್ಲಿನ್‌ನ ಸದಸ್ಯ: ಕರೆಲ್ ಬಗ್ಗೆ ಕೇಳಿದ್ದೆ.

ಶಿವಮೊಗ್ಗದ ಸದಸ್ಯೆ: ಗೊರಕೆ ಕೇಳಿಸುತ್ತಿದೆ, ಸರ್. ನಾನು ಅವನ ಕೋಣೆಯಲ್ಲೇ ಕುಳಿತಿದ್ದೇನೆ.

ತರಬೇತುದಾರರು: ಒಳ್ಳೆಯದು. ಫೋನನ್ನು ಅವನ ಕೈಗೆ ಸಿಗದಂತೆ ಇಡಿ.