ವಿ, ಡಬ್ಲ್ಯೂ: ವ್ಯತ್ಯಾಸ ಎಲ್ಲಿದೆ?

ಪ್ರಶ್ನೆ: ಬನಿಯನ್ ಅನ್ನೋ ಅರ್ಥದ 'ವೆಸ್ಟ್', ಪಶ್ಚಿಮ ಅನ್ನೋ 'ವೆಸ್ಟ್' ಎರಡೂ ನನ್ನ ಕಿವಿಗೆ ಒಂದೇ. ನಿಜವಾಗಿಯೂ ಬೇರೆನಾ?

ಉತ್ತರ 1: ಬೇರೆಯೇ. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಹಾಗೇ ದನಿ ಎಳೆಯಿರಿ, ತುಟಿಗೆ ಕಚಗುಳಿ ಇಟ್ಟ ಹಾಗಾಗುತ್ತದೆ. ಪಶ್ಚಿಮಕ್ಕೆ ಹಲ್ಲಿನ ಕೆಲಸವೇ ಇಲ್ಲ. 'ಊ' ಅನ್ನೋ ಹಾಗೆ ತುಟಿ ದುಂಡಗೆ ಮಾಡಿ, ತಕ್ಷಣ 'ಎಸ್ಟ್' ಅನ್ನಿ. ನಮ್ಮ 'ವ'ದಲ್ಲಿ ಹಲ್ಲು ತುಟಿಯ ಹತ್ತಿರ ಬರುತ್ತದೆ, ಆದರೆ ಉಜ್ಜುವುದಿಲ್ಲ. ಎರಡಕ್ಕೂ ಅದನ್ನೇ ಹಾಕ್ತೀವಿ, ಅದೇ ತೊಂದರೆ.

ಉತ್ತರ 2: ಸುಮ್ನೆ ಕನ್ನಡಿ ನೋಡಿಕೊಂಡು ಹೇಳಿ. ಕಿವಿ ಆಮೇಲೆ ಕಲಿಯುತ್ತದೆ.

ಕೇಳಿದವರು: ಕಚಗುಳಿ ನಿಜ! ಆದರೆ 'ವೆರಿ ವೆಲ್' ಅಂದರೆ ತುಟಿ ತಡವರಿಸುತ್ತದೆ.

ಉತ್ತರ 1: ನಡುವೆ ಒಂಚೂರು ನಿಲ್ಲಿಸಿ ಹೇಳಿ, ಸರಿಹೋಗುತ್ತದೆ.