ಒಬ್ಬನೇ ಕೂತು ನೋಡಿದವನ ಕಥೆ: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ (ಫಾರ್ವರ್ಡ್ ಆಗಿ ಬಂದದ್ದು): “ಎಚ್ಚರಿಕೆ! 1984ರಲ್ಲಿ ಮೈಸೂರಿನ ಚಿತ್ರಮಂದಿರವೊಂದರಲ್ಲಿ ‘ಪುರಾನಾ ಮಂದಿರ್’ ಎಂಬ ಹಿಂದಿ ದೆವ್ವದ ಚಿತ್ರ ನಡೆಯುತ್ತಿದ್ದಾಗ, ಸೆಕೆಂಡ್ ಶೋವನ್ನು ಒಬ್ಬನೇ ಕೂತು ನೋಡಿದವರಿಗೆ 10,000 ರೂಪಾಯಿ ಬಹುಮಾನ ಕೊಡುವುದಾಗಿ ಸಾರಿದ್ದರು. ಪಂಥ ಕಟ್ಟಿ ಒಳಗೆ ಹೋದ ಕಾಲೇಜು ಹುಡುಗ ಬೆಳಿಗ್ಗೆ ಬಾಗಿಲು ತೆರೆದಾಗ ಕುರ್ಚಿಯಲ್ಲೇ ಹೆಣವಾಗಿದ್ದ. ನಿಮ್ಮ ಮಕ್ಕಳಿಗೆ ತಪ್ಪದೆ ತಿಳಿಸಿ.”

ದೊಡ್ಡಪ್ಪ: ಎಲ್ಲರೂ ಇದನ್ನು ಗಮನವಿಟ್ಟು ಓದಬೇಕು. ರಜೆ ಬಂತೆಂದರೆ ಮೊಮ್ಮಕ್ಕಳು ಸರಿರಾತ್ರಿಯವರೆಗೆ ಮೊಬೈಲಿನಲ್ಲಿ ದೆವ್ವದ ಚಿತ್ರ, ಹೊಡೆದಾಟದ ಚಿತ್ರ ನೋಡುತ್ತಾರೆ. ಇಂಥ ಅಗ್ಗದ ಚಿತ್ರಗಳು ಮನಸ್ಸನ್ನು ಕೆಡಿಸುತ್ತವೆ ಎಂದು ನಾನು ಮೇಷ್ಟರಾಗಿದ್ದ ಕಾಲದಿಂದಲೂ ಹೇಳುತ್ತ ಬಂದಿದ್ದೇನೆ.

ಅತ್ತಿಗೆ: ಓದುತ್ತಲೇ ಮೈ ಜುಮ್ಮೆಂದಿತು ಮಾವ. ನಮ್ಮ ಅಪಾರ್ಟ್‌ಮೆಂಟಿನ ಗುಂಪಿಗೂ ಕಳಿಸಿದ್ದೇನೆ.

ನಾನು: ದೊಡ್ಡಪ್ಪ, ಇದರಲ್ಲಿ ಚಿತ್ರಮಂದಿರದ ಹೆಸರಿಲ್ಲ, ಹುಡುಗನ ಹೆಸರಿಲ್ಲ, ಕಾಲೇಜಿನ ಹೆಸರೂ ಇಲ್ಲ. ಸಾವಾಗಿದ್ದರೆ ಪೊಲೀಸರು ಬಂದಿರಬೇಕು, ಮರುದಿನದ ಪತ್ರಿಕೆಯಲ್ಲಿ ಸುದ್ದಿಯಾಗಿರಬೇಕು. ಇದರ ಮೂಲ ಯಾವುದೆಂದು ಕಳಿಸಿದವರನ್ನು ಕೇಳುತ್ತೀರಾ?

ದೊಡ್ಡಪ್ಪ: ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನನ್ನ ಜೊತೆ ವಾಕಿಂಗ್ ಮಾಡುವ ನಿವೃತ್ತ ಅಧಿಕಾರಿಯೊಬ್ಬರು ಕಳಿಸಿದ್ದು, ಅವರು ಸುಳ್ಳು ಹೇಳುವ ಪೈಕಿಯಲ್ಲ. ಹಿರಿಯರು ಏನು ಕಳಿಸಿದರೂ ಮೂಲ ಕೇಳುವುದು ನಿನಗೆ ಅಭ್ಯಾಸವಾಗಿಬಿಟ್ಟಿದೆ. ಅಮೃತಬಳ್ಳಿ ಕಷಾಯದ ವಿಷಯದಲ್ಲೂ ಎಲ್ಲರೆದುರು ಹೀಗೇ ಮಾಡಿದೆ.

ಚಿಕ್ಕಪ್ಪ: ‘ಪುರಾನಾ ಮಂದಿರ್’ ಹೆಸರು ಕೇಳಿದ ಕೂಡಲೇ ನನಗೆ ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಹೋಗುತ್ತಿದ್ದ ದಿನಗಳು ನೆನಪಾದವು. ದೆವ್ವ ತೆರೆಯ ಮೇಲೆ ಬರುವುದಕ್ಕೆ ಮೊದಲೇ ಮುಂದಿನ ಸಾಲಿನ ಹುಡುಗರು ಕಿರುಚುತ್ತಿದ್ದರು, ಅವರ ಕಿರುಚಾಟಕ್ಕೆ ನಾವು ಬೆಚ್ಚಿ ಬೀಳುತ್ತಿದ್ದೆವು, ಆಮೇಲೆ ಇಡೀ ಮಂದಿರವೇ ನಗುತ್ತಿತ್ತು. ಬೆಳಗಿನ ಆಟಕ್ಕೆ ಬ್ರೂಸ್ ಲೀ ಹೆಸರಿನ ಚಿತ್ರಗಳು ಬರುತ್ತಿದ್ದವು. ಊರಿಗೆ ಬಂದು ಸರ್ವೆ ಮರದ ಎರಡು ತುಂಡುಗಳನ್ನು ಗೇಣುದ್ದಕ್ಕೆ ಕುಯ್ದು, ತುದಿಗೆ ಹಳೆಯ ಸೈಕಲ್ ಚೈನು ಬಿಗಿದು, ಕಣದಲ್ಲಿ ತಿರುಗಿಸುತ್ತಿದ್ದೆವು. ನನ್ನ ಬಲಹುಬ್ಬಿನ ಮೇಲಿನ ಗಾಯದ ಗುರುತು ಅದರದ್ದೇ.

ದೊಡ್ಡಪ್ಪ: ಆ ಟಿಕೆಟ್ಟುಗಳಿಗೆ ಹಣ ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಬರೆದರೆ ಮಕ್ಕಳಿಗೆ ಪಾಠವಾದೀತು. ಅಪ್ಪ ಕಬ್ಬಿನ ಬಿಲ್ಲಿನ ಹಣವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ಚಿಕ್ಕಪ್ಪ: ಆ ಹಣ ನಾನು ತೆಗೆಯಲಿಲ್ಲವೆಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ ಅಣ್ಣ. ನೀವು ಕೇಳಲಿಲ್ಲ, ಹೊಡೆದಿರಿ.

ಅಣ್ಣ: ಬಹುಮಾನದ ಮಾತಂತೂ ಪೂರ್ತಿ ಸುಳ್ಳಲ್ಲ. 2008ರಲ್ಲಿ ನಮ್ಮ ಸುದೀಪ್ ನಟಿಸಿದ ‘ಫೂಂಕ್’ ಹಿಂದಿಯಲ್ಲಿ ಬಂದಾಗ, ಒಬ್ಬರೇ ಕೂತು ನೋಡಿದವರಿಗೆ 5 ಲಕ್ಷ ರೂಪಾಯಿ ಕೊಡುತ್ತೇನೆಂದು ರಾಮ್‌ಗೋಪಾಲ್ ವರ್ಮಾ ಸವಾಲು ಹಾಕಿದ್ದರು. ಅಪ್ಪನನ್ನು ಸುಮ್ಮನೆ ಸುಳ್ಳುಗಾರರನ್ನಾಗಿ ಮಾಡಬೇಡ.

ನಾನು: ದೊಡ್ಡಪ್ಪ ಸುಳ್ಳು ಹೇಳಿದರೆಂದು ನಾನು ಎಲ್ಲಿಯೂ ಬರೆದಿಲ್ಲ ಅಣ್ಣ, ಮೇಲೆ ಹೋಗಿ ಓದಿ ನೋಡು. ಸವಾಲು ನಿಜ, ಅದು ಪ್ರಚಾರದ ತಂತ್ರ, ಮತ್ತು ಬಹಳ ಹಳೆಯದು. ಅಮೆರಿಕದ ನಿರ್ದೇಶಕ ವಿಲಿಯಂ ಕ್ಯಾಸಲ್ 1958ರಲ್ಲಿ ‘ಮಕಾಬ್ರ್’ ಎಂಬ ಸಣ್ಣ ಬಜೆಟ್ಟಿನ ಚಿತ್ರ ಮಾಡಿ, ನೋಡುತ್ತ ಭಯದಿಂದ ಸತ್ತರೆ ಮನೆಯವರಿಗೆ 1,000 ಡಾಲರ್ ಸಿಗುತ್ತದೆಂಬ ವಿಮಾ ಪತ್ರವನ್ನು ಪ್ರೇಕ್ಷಕರಿಗೆಲ್ಲ ಹಂಚಿದ. ಮರುವರ್ಷ ‘ದಿ ಟಿಂಗ್ಲರ್’ ಚಿತ್ರಕ್ಕೆ ಕೆಲವು ಕುರ್ಚಿಗಳ ಅಡಿಯಲ್ಲಿ ನಡುಗುವ ಮೋಟಾರು ಕೂರಿಸಿದ. ಒಳಗೆ ಹೋದರೆ ಪ್ರಾಣಕ್ಕೇ ಅಪಾಯವಿದೆ ಎಂಬ ಪುಕಾರು ಎದ್ದರೆ ಟಿಕೆಟ್ಟು ತಾನಾಗಿ ಖರ್ಚಾಗುತ್ತದೆ.

ಅತ್ತಿಗೆ: ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಒಬ್ಬರು ಇದು ಹಾಸನದಲ್ಲಿ ನಡೆದದ್ದೆಂದೂ, ಇನ್ನೊಬ್ಬರು ದಾವಣಗೆರೆಯಲ್ಲೆಂದೂ ಬರೆದಿದ್ದಾರೆ. ಇಬ್ಬರೂ ತಮ್ಮ ಊರಿನದೇ ಎಂದು ಖಂಡಿತವಾಗಿ ಹೇಳುತ್ತಿದ್ದಾರೆ.

ಮೈಸೂರು ಅತ್ತೆ: ಹಣದ ಜಗಳ ಈಗ ಬಿಡಿ. ಮೈಸೂರಿನಲ್ಲಿ ಕ್ಯಾಮೆರಾದ ಮುಂದೆ ಜನ ನಿಜವಾಗಿಯೂ ಸತ್ತಿದ್ದಾರೆ. 1989ರ ಫೆಬ್ರುವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು 62 ಮಂದಿ ತೀರಿಕೊಂಡರು. ಅವರ ಬಗ್ಗೆ ಈ ಗುಂಪಿಗೆ ಯಾರೂ ಎಂದೂ ಒಂದು ಸಾಲು ಕಳಿಸಿಲ್ಲ. ಹೆಸರಿಲ್ಲದ ಹುಡುಗನ ಹೆಣವನ್ನು ಮಾತ್ರ ಊರೂರಿಗೆ ಹೊರುತ್ತಿದ್ದೀರಿ. ಇನ್ನು ನನ್ನ ತಮ್ಮ ನೆನಪು ಮಾಡಿಕೊಳ್ಳುತ್ತಿರುವ ಸಂಭ್ರಮ ಗಂಡಸರದ್ದು. ಆ ಆಟಗಳಿಗೆ ನಮ್ಮನ್ನು ಕಳಿಸುತ್ತಿರಲಿಲ್ಲ. ಕಳಿಸಿದ್ದರೂ, ಸ್ನಾನದ ದೃಶ್ಯ ಬಂದಾಗ ಏಳುತ್ತಿದ್ದ ಶಿಳ್ಳೆಯ ನಡುವೆ ನಾವು ಎಲ್ಲಿ ಕೂರಬೇಕಿತ್ತು?

ನಾನು: ಅತ್ತೆ ಹೇಳಿದ ಎರಡೂ ಮಾತು ನಿಜ, ಆ ದೃಶ್ಯಗಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಈ ಚಿತ್ರಗಳೆಂದರೆ ನನಗೆ ಪ್ರಾಣ, ಅದನ್ನು ಮುಚ್ಚಿಡುವುದೂ ಇಲ್ಲ. ‘ಪುರಾನಾ ಮಂದಿರ್’ ಮಾಡಿದ ರಾಮ್ಸೆಯವರದು ನಮ್ಮಂಥದೇ ತುಂಬಿದ ಮನೆ. ತಂದೆ ಎಫ್.ಯು. ರಾಮ್ಸೆ ಕರಾಚಿಯಿಂದ ಬಂದು ಮುಂಬೈಯಲ್ಲಿ ರೇಡಿಯೋ ಅಂಗಡಿ ಇಟ್ಟವರು. 1970ರಲ್ಲಿ ಅವರು ತೆಗೆದ ಚಿತ್ರವೊಂದು ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭೀಕರ ಮುಖವಾಡ ತೊಟ್ಟು ಕಳವಿಗೆ ಬರುವ ದೃಶ್ಯ ನೋಡಲೆಂದೇ ಜನ ಬರುತ್ತಿದ್ದುದನ್ನು ಮಕ್ಕಳು ಗಮನಿಸಿದರು. 1972ರಲ್ಲಿ ಮಹಾಬಲೇಶ್ವರಕ್ಕೆ ಇಡೀ ಸಂಸಾರವೇ ಹೋಗಿ, ‘ದೋ ಗಜ್ ಜಮೀನ್ ಕೇ ನೀಚೆ’ ತೆಗೆದರು. ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಕುಮಾರ್ ಕಥೆ, ಗಂಗು ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಸಂಕಲನ: ಅಣ್ಣತಮ್ಮಂದಿರೇ ಹಂಚಿಕೊಂಡು ಮಾಡಿದರು. ಹೊಗೆ, ನೀಲಿ ಬೆಳಕು, ಕಿರ್ರೆನ್ನುವ ಬಾಗಿಲು, ಇಷ್ಟೇ ಅವರ ಬಂಡವಾಳ. ‘ಪುರಾನಾ ಮಂದಿರ್’ನ ಸಾಮ್ರಿ ಎಂಬ ದೈತ್ಯನಾದವರು ಇಂಜಿನಿಯರಿಂಗ್ ಓದಿದ್ದ ಅನಿರುದ್ಧ ಅಗರ್ವಾಲ್. ಆ ಕೆಂಪು ಕಣ್ಣು, ಆ ಮೇಕಪ್ಪು ಯಾರೋ ಗಂಟೆಗಟ್ಟಲೆ ಕೂತು ಮಾಡಿದ ಕೆಲಸ. ಆ ಕೈಕೆಲಸ ಕಣ್ಣಿಗೆ ಕಾಣುತ್ತದೆ, ಕಂಡರೂ ಹೆದರಿಕೆಯಾಗುತ್ತದೆ, ನನ್ನ ಸಂತೋಷ ಅಲ್ಲಿದೆ.

ಹೊಡೆದಾಟದ ಚಿತ್ರಗಳಲ್ಲಿ ಮಾತ್ರ ನನಗೆ ನೋವಾಗುವ ಒಂದು ಸಂಗತಿ ಇದೆ. ಬ್ರೂಸ್ ಲೀ 1973ರ ಜುಲೈ 20ರಂದು, 32ನೆಯ ವಯಸ್ಸಿನಲ್ಲಿ, ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡರು. ಆಮೇಲೆ ಬ್ರೂಸ್ ಲೈ, ಬ್ರೂಸ್ ಲೆ, ಡ್ರ್ಯಾಗನ್ ಲೀ ಎಂದು ಹೆಸರಿಟ್ಟುಕೊಂಡವರ ಚಿತ್ರಗಳು ಸಾಲುಸಾಲಾಗಿ ಬಂದವು. ಚಿಕ್ಕಪ್ಪ ಮಂಡ್ಯದಲ್ಲಿ ನೋಡಿದ್ದರಲ್ಲಿ ಎಷ್ಟೋ ಇವರವೇ ಇದ್ದಾವು. ಅವರಲ್ಲಿ ಒಳ್ಳೆಯ ಪಟುಗಳಿದ್ದರು, ಆ ಒದೆತಗಳು ನಿಜವಾದವು. ಆದರೆ ಲೀ ಅರ್ಧಕ್ಕೆ ಬಿಟ್ಟುಹೋಗಿದ್ದ ‘ಗೇಮ್ ಆಫ್ ಡೆತ್’ ಚಿತ್ರವನ್ನು 1978ರಲ್ಲಿ ಹೇಗೆ ಮುಗಿಸಿದರು ಗೊತ್ತೇ? ಒಂದು ದೃಶ್ಯದಲ್ಲಿ ಕನ್ನಡಿಯ ಮೇಲೆ ಲೀಯ ಮುಖದ ಚಿತ್ರವನ್ನು ಕತ್ತರಿಸಿ ಅಂಟಿಸಿ, ಬದಲಿ ನಟನನ್ನು ಅದರ ಮುಂದೆ ಕೂರಿಸಿದ್ದಾರೆ. ಇನ್ನೊಂದು ಕಡೆ ಲೀಯ ನಿಜವಾದ ಶವಸಂಸ್ಕಾರದ ದೃಶ್ಯವನ್ನೇ ಕಥೆಯೊಳಗೆ ಸೇರಿಸಿದ್ದಾರೆ. ಮುಖವಾಡ ತೋರಿಸಿ ಹೆದರಿಸುವುದಕ್ಕೂ, ಸತ್ತವರ ಹೆಣ ತೋರಿಸಿ ಹಣ ಮಾಡುವುದಕ್ಕೂ ನನ್ನ ಲೆಕ್ಕದಲ್ಲಿ ಅಜಗಜಾಂತರವಿದೆ. ದೊಡ್ಡಪ್ಪ, ನೀವು ಕಳಿಸಿದ ಫಾರ್ವರ್ಡು ಈ ಎರಡನೆಯ ಜಾತಿಯದು. ನಾನು ಮೂಲ ಕೇಳಿದ್ದು ಅದಕ್ಕೇ.

ದೊಡ್ಡಪ್ಪ: ಹುಡುಗನ ವಿಷಯ ಸರಿ. ನಾಳೆ ಆ ಅಧಿಕಾರಿಗಳನ್ನು ಯಾವ ಚಿತ್ರಮಂದಿರವೆಂದು ಕೇಳುತ್ತೇನೆ, ಹೇಳದಿದ್ದರೆ ಅಳಿಸುತ್ತೇನೆ. ಆದರೆ ತಮ್ಮನ ಹುಬ್ಬು ಒಡೆದದ್ದು ನಿಜವಾದ ರಕ್ತ. ನಿನ್ನ ಕೈಕೆಲಸದ ಮಾತಿನಿಂದ ಅದು ಸುಳ್ಳಾಗುವುದಿಲ್ಲ.

ನಾನು: ಅದು ನಿಜ ದೊಡ್ಡಪ್ಪ. ಬ್ರಿಟನ್ನಿನ ಸೆನ್ಸಾರ್ ಮಂಡಳಿಯೂ ಇದೇ ಅಂಜಿಕೆಯಿಂದ ಲೀಯ ‘ಎಂಟರ್ ದ ಡ್ರ್ಯಾಗನ್’ ಚಿತ್ರದಿಂದ ನಂಚಾಕು, ಅಂದರೆ ಚಿಕ್ಕಪ್ಪ ಮಾಡಿಕೊಂಡಂಥ ಚೈನು ಬಿಗಿದ ಜೋಡಿ ಕೋಲು, ತಿರುಗಿಸುವ ದೃಶ್ಯಗಳನ್ನು ಕತ್ತರಿಸಿತ್ತು. ರಾಮ್ಸೆಯವರ ಚಿತ್ರಗಳು ದೊಡ್ಡವರಿಗೆಂದೇ ಮಾಡಿದವು, ಅವನ್ನು ಮೊಮ್ಮಕ್ಕಳಿಗೆ ತೋರಿಸಿ ಎಂದು ನಾನು ಹೇಳಲಾರೆ. ನೋಡಿ ಮೆಚ್ಚಿದ ದೊಡ್ಡವರು ಕೆಟ್ಟವರೆಂಬುದನ್ನು ಮಾತ್ರ ಒಪ್ಪುವುದಿಲ್ಲ.

ಚಿಕ್ಕಪ್ಪ: ಆ ಕನ್ನಡಿಯ ದೃಶ್ಯ ನನಗೆ ಚೆನ್ನಾಗಿ ನೆನಪಿದೆ. ಬೆನ್ನು ಮಾತ್ರ ಅಲುಗುತ್ತಿತ್ತು, ಮುಖ ಮಿಸುಕುತ್ತಿರಲಿಲ್ಲ. ಹಿಂದಿನ ಸಾಲಿನವರು ‘ಇವನು ಬೇರೆಯವನು’ ಎಂದು ಕೂಗಿದರು, ಆದರೂ ಯಾರೂ ಎದ್ದು ಹೋಗಲಿಲ್ಲ. ಅಣ್ಣ, ಆ ದಿನದ ಟಿಕೆಟ್ಟಿನ ಹಣ ಎಳನೀರು ಕಿತ್ತುಕೊಟ್ಟು ನಾನು ಸಂಪಾದಿಸಿದ್ದು. ತೋಟದವರನ್ನು ಕೇಳಬಹುದಿತ್ತು.

ದೊಡ್ಡಪ್ಪ: ಈ ಮಾತನ್ನು ಅಂದು ಅಪ್ಪನೆದುರು ಯಾಕೆ ಹೇಳಲಿಲ್ಲ?

ಚಿಕ್ಕಪ್ಪ: ಹೇಳಿದ್ದೆ ಅಣ್ಣ. ಅಕ್ಕ ಅಲ್ಲಿಯೇ ಇದ್ದಳು, ಕೇಳಿ ನೋಡಿ.