ಬೇಸಿಗೆ ತರಕಾರಿಗೆ ಹಿತ್ತಲ ಮಣ್ಣು: ಸುಣ್ಣ ಮೊದಲೋ, ಗೊಬ್ಬರ ಮೊದಲೋ?

ತೀರ್ಥಹಳ್ಳಿ_ಹಿತ್ತಲು:
ಮನೆ ಹಿಂದೆ 10x20 ಅಡಿ ಜಾಗ. ಜಂಬಿಟ್ಟಿಗೆ ಮಣ್ಣು, ಈಗ ಗುದ್ದಲಿ ಹಾಕಿದರೆ ಠಣ್ ಅನ್ನುತ್ತೆ. ಶಿವರಾತ್ರಿ ಕಳೆದ ಮೇಲೆ ಬೆಂಡೆ, ಸೌತೆ, ಅಲಸಂದೆ ಹಾಕಬೇಕು. ಹೋದ ಸಲ ಬೆಂಡೆ ಮೊಣಕಾಲೆತ್ತರಕ್ಕೇ ನಿಂತಿತ್ತು, ಕಿತ್ತರೆ ಬೇರು ತುಂಬ ಗಂಟು. ಸುಣ್ಣ, ಸಗಣಿ ಗೊಬ್ಬರ ಎರಡೂ ಇವೆ. ಎಷ್ಟೆಷ್ಟು ಹಾಕಲಿ?

ಕೊಟ್ಟಿಗೆ_ಗೊಬ್ಬರ:
ಸುಣ್ಣ ಮೊದಲು. ಎರಡನ್ನೂ ಒಟ್ಟಿಗೆ ಸುರಿದರೆ ಗೊಬ್ಬರದ ಸಾರಜನಕ ಅಮೋನಿಯ ಆಗಿ ಹಾರಿಹೋಗುತ್ತೆ, ಮೂಗಿಗೇ ಗೊತ್ತಾಗುತ್ತೆ.

ಹಿಂದಿನ ದಿನ ಸಂಜೆ ನೀರು ಬಿಡಿ, ಮಾರನೇ ದಿನ ಒಂದಡಿ ಆಳ ಅಗೆಯಿರಿ. ಹಿಡಿ ಮಣ್ಣು ಉಂಡೆ ಕಟ್ಟಿ ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಅಂಟಿದರೆ ಇನ್ನೊಂದು ದಿನ ಬಿಡಿ. ನಮ್ಮ ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತೆ. ನಿಮ್ಮ ಜಾಗಕ್ಕೆ ಕೃಷಿ ಸುಣ್ಣ 4 ಕೆ.ಜಿ. ಸಾಕು, ಅರಳಿಸಿದ ಚಿಪ್ಪು ಸುಣ್ಣವಾದರೆ 3. ಮೇಲಿನ ಅರ್ಧ ಅಡಿಗೆ ಬೆರೆಸಿ ನೀರು ಹಾಕಿ; ಒಣ ಮಣ್ಣಲ್ಲಿ ಅದು ಕೆಲಸ ಮಾಡಲ್ಲ. 15 ದಿನ ಬಿಟ್ಟು 50 ಕೆ.ಜಿ. ಗೊಬ್ಬರ. ಸುಣ್ಣ ಪ್ರತಿ ವರ್ಷ ಬೇಡ. ಹಂಡೆ ಒಲೆ ಬೂದಿ ಸುರಿಯುವ ಅಭ್ಯಾಸ ಇದ್ದರೆ ಇನ್ನೂ ಕಡಿಮೆ ಮಾಡಿ, ಅದೂ ಸುಣ್ಣದ ಕೆಲಸವನ್ನೇ ಮಾಡೋದು.

ಬಸಳೆ_ಚಪ್ಪರ:
ಸುಣ್ಣ ಹಾಕಿದರೆ ಆ ಗಂಟು ಹೋಗಲ್ಲ ಮಾರಾಯ್ರೆ. ಅದು ಮಣ್ಣಲ್ಲಿದ್ದು ಬೇರಿಗೆ ಹತ್ತೋ ಸಣ್ಣ ಜಂತುಹುಳದ್ದು (ನೆಮಟೋಡ್). ಅಲಸಂದೆ ಬೇರಲ್ಲೂ ಗಂಟಿರುತ್ತೆ, ಆದರೆ ಒಳ್ಳೇದು ಉಗುರಲ್ಲಿ ಕೆರೆದರೆ ಉದುರುತ್ತೆ, ಸೀಳಿದರೆ ಒಳಗೆ ನಸುಗೆಂಪು. ಕೆಟ್ಟದ್ದು ಉದುರಲ್ಲ, ಬೇರೇ ಊದಿಕೊಂಡಿರುತ್ತೆ.

ಈ ಹುಳ ಬೆಂಡೆ, ಸೌತೆ, ಬದನೆ, ಅಲಸಂದೆ ಯಾವುದನ್ನೂ ಬಿಡಲ್ಲ. ಹಳೇ ಬೇರೆಲ್ಲ ಆರಿಸಿ ಸುಡಿ, ಗೊಬ್ಬರಗುಂಡಿಗೆ ಎಸೀಬೇಡಿ. ಗಂಟು ಬಂದ ಅರ್ಧ ಜಾಗಕ್ಕೆ ಈ ಬೇಸಿಗೆ ತರಕಾರಿ ಬೇಡ: 10 ದಿನಕ್ಕೊಮ್ಮೆ, ಮೂರು ಸಲ ಮಗುಚಿ ಬಿಸಿಲಿಗೆ ಒಣಗಿಸಿ, ಆಮೇಲೆ ಒತ್ತೊತ್ತಾಗಿ ಚೆಂಡುಹೂ ಹಾಕಿ. ಉಳಿದರ್ಧಕ್ಕೆ ಗೊಬ್ಬರದ ಜೊತೆ 2 ಕೆ.ಜಿ. ಬೇವಿನ ಹಿಂಡಿ. ಗಂಟಿನ ಜಾಗ ಅಗೆದ ಗುದ್ದಲಿ ತೊಳೆದೇ ಈ ಅರ್ಧಕ್ಕೆ ಹೋಗಿ, ಮಣ್ಣಿನ ಜೊತೆ ಹುಳವೂ ದಾಟುತ್ತೆ.

ದರಗು_ಮುಚ್ಚಿಗೆ:
ಗೊಬ್ಬರ ಪೂರ್ತಿ ಕಳಿತಿದೆಯಾ ನೋಡಿ. ಬಿಸಿ ಇದ್ದರೆ, ಸೊಪ್ಪಿನ ಎಳೆ ಕಂಡರೆ ಬೇಡ, ಗೆದ್ದಲು ಬರುತ್ತೆ. ಹೆಬ್ಬೆರಳು ದಪ್ಪದ ಬಿಳಿ ಹುಳ ಸಿಕ್ಕರೆ ಆರಿಸಿ ಕೊಲ್ಲಿ, ಬೆಳೆದು ತೆಂಗಿನ ಸುಳಿ ಕೊರೆಯೋದು ಅದೇ.

ಏರುಮಡಿ ಈಗ ಮಾಡಬೇಡಿ, ನೀರು ನಿಲ್ಲಲ್ಲ. ನಾಲ್ಕು ಬೆರಳು ತಗ್ಗಿನ ಪಾತಿ ಸಾಕು, ಏರಿಸೋದು ಮಳೆಗಾಲಕ್ಕೆ. ದರಗು (ಒಣಗಿದ ಎಲೆ) ಹೊದಿಸೋದು ಸಸಿ ಗೇಣುದ್ದ ಆದ ಮೇಲೆ, ಬುಡದಿಂದ ಎರಡು ಬೆರಳು ಬಿಟ್ಟು.

ತೀರ್ಥಹಳ್ಳಿ_ಹಿತ್ತಲು:
ಗಂಟು ಉದುರೋ ಜಾತಿಯದ್ದಲ್ಲ, ಬೇರೇ ಊದಿದ್ದು. ಹಾಗಾದರೆ ಅರ್ಧ ಜಾಗಕ್ಕೆ ಚೆಂಡುಹೂವೇ. ಬೆಂಡೆ ಕೋಲು ಬುಡಸಮೇತ ಗೊಬ್ಬರಗುಂಡಿಗೇ ಹಾಕಿದ್ದೆ, ಈಗೇನು ಮಾಡಲಿ?

ಬಸಳೆ_ಚಪ್ಪರ:
ಆ ಗುಂಡಿಯ ಗೊಬ್ಬರ ತೆಂಗಿಗೆ ಹಾಕಿ. ತರಕಾರಿಗೆ ಬೇರೆ ತರಿಸಿ.